ನಡಿಗೆಗೆ ಎಷ್ಟು ಇಂಚಿನ ಗಾಲಿ?

ಲೋಹಶಾಸ್ತ್ರ ಬಲ್ಲವರು ಹೇಳಬೇಕಾಗಿದ್ದ ಕತೆಯಿದು. ಅವರು ಯಾರೂ ಹೇಳದ್ದರಿಂದ ಇಲ್ಲಿ ಹೇಳಹೊರಟದ್ದಕ್ಕೆ ಕ್ಷಮೆಯಿರಲಿ. ತಪ್ಪು ಕಂಡರೆ ಓದುಗರು ತಿದ್ದಿಕೊಳ್ಳಬೇಕು.

೨೦೬೧ರ ಒಂದು ಬೆಳಿಗ್ಗೆ ಕಸ್ತೂರಿ ಹುಲಮನಿ ಧಾರವಾಡದ ರೈಲು ನಿಲ್ದಾಣದ ಹೊರಗೆ ತನ್ನ ಮಡಚುವ ಸೈಕಲ್ಲನ್ನು ಬಿಡಿಸಿ ಹತ್ತಿದಳು. ಹದಿನಾರು ಇಂಚಿನ ಗಾಲಿಗಳು ಜಲ್ಲಿ ಕಿತ್ತ ರಸ್ತೆಗೆ ಇಳಿಯುತ್ತಲೇ ಉಸಿರೆಳೆದುಕೊಂಡಂತೆ ಹಿಗ್ಗಿ ಇಪ್ಪತ್ನಾಲ್ಕಾದವು. ಗಾಲಿಯ ಕಡ್ಡಿಗಳೆಲ್ಲ ಆಕಾರ ನೆನಪಿಡುವ ಲೋಹದವು. ಸಣ್ಣ ವಿದ್ಯುತ್ ಹರಿದರೆ ಉದ್ದವಾಗುತ್ತವೆ, ನಿಂತರೆ ಮೊದಲಿನ ಅಳತೆಗೆ ಮರಳುತ್ತವೆ. ಟಯರು ಕೊಡೆಯ ಬಟ್ಟೆಯ ಹಾಗೆ ನೆರಿಗೆ ಬಿಚ್ಚಿ, ನೆರಿಗೆ ಕೂಡಿಕೊಳ್ಳುತ್ತದೆ. ರಸ್ತೆಯ ಕುಲುಕಾಟವನ್ನೂ ವೇಗವನ್ನೂ ಅಳೆದು ಗಾತ್ರ ತೀರ್ಮಾನಿಸುವುದು ಸೀಟಿನ ಕೆಳಗಿನ ಬೆಂಕಿಪೆಟ್ಟಿಗೆಯಷ್ಟರ ಗಣಕ.

ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತರುವುದು ಕಸ್ತೂರಿಯ ಕೆಲಸ. ಮೊಣಕಾಲು ಸವೆದು ಅದನ್ನು ಬಿಡುವ ಹಂತಕ್ಕೆ ಬಂದಿದ್ದಳು. ಆಗ ಡಾಕ್ಟರ್ ತಬಸ್ಸುಮ್ ಕಿತ್ತೂರ ಎಂಬ ವಿಜ್ಞಾನಿ ದಿನನಿತ್ಯದ ಸವಾರಿಗೆ ಸೈಕಲ್ ಹೋಲಿಸಿ ನೋಡುವವರನ್ನು ಹುಡುಕುತ್ತಿದ್ದರು. ಕಸ್ತೂರಿ ತಿಂಗಳಿಗೊಂದರಂತೆ ಮೂರು ಓಡಿಸಿ, ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟಳು. ಹದಿನಾರು ಇಂಚಿನದು ರೈಲಿನ ಸೀಟಿನಡಿ ತೂರುತ್ತಿತ್ತು, ಆದರೆ ಗುಂಡಿಯ ಪೆಟ್ಟು ನೇರ ಮಣಿಕಟ್ಟಿಗೆ ಬರುತ್ತಿತ್ತು. ಇಪ್ಪತ್ತರದು ಸುಖವನ್ನೂ ಕಷ್ಟವನ್ನೂ ಅರ್ಧರ್ಧ ಮಾಡಿತ್ತು. ಇಪ್ಪತ್ನಾಲ್ಕರದು ರಸ್ತೆಯ ಮೇಲೆ ತೇಲುತ್ತಿತ್ತು, ಮಡಚಿದರೂ ರೈಲು ಡಬ್ಬಿಯ ಬಾಗಿಲಲ್ಲಿ ಅಡ್ಡ ಸಿಕ್ಕಿ ಹಿಂದಿನವರಿಂದ ಬೈಸುತ್ತಿತ್ತು. ನಾಲ್ಕನೆಯದೇ ಈ ಹಿಗ್ಗುವ ಗಾಲಿಯದು. ಮೊಣಕಾಲು ಅಂದಿನಿಂದ ಮಾತಾಡುವುದನ್ನು ನಿಲ್ಲಿಸಿತ್ತು. ಪ್ರಯೋಗ ಮುಗಿದರೆ ಸೈಕಲ್ ಅವಳದೇ. ಯಾರಿಗಾದರೂ ಗಾಯವಾದರೆ ಮಾತ್ರ ಪ್ರಯೋಗಕ್ಕೆ ಸೇರಿದ ಮೂವತ್ತೆರಡು ಜನರ ಸೈಕಲ್ಲುಗಳೂ ವಾಪಸು. ಇನ್ನು ಒಂಬತ್ತು ದಿನ ಉಳಿದಿತ್ತು.

ಮಾಳಮಡ್ಡಿಯ ತಿರುವಿನಲ್ಲಿ ಎಂದಿನಂತೆ ತಂಗೆವ್ವ ಸಿಕ್ಕಳು. ಎಪ್ಪತ್ತೆಂಟರ ಮುದುಕಿ, ಹೂವಿಗೆಂದು ಪೇಟೆಗೆ ಹೊರಟವಳು. ಕಸ್ತೂರಿ ಇಳಿದಳು. ತಂಗೆವ್ವ ಕೈಚೀಲವನ್ನು ಹ್ಯಾಂಡಲಿಗೆ ತೂಗುಹಾಕಿ, ಸೀಟಿನ ಮೇಲೆ ಕೈಯೂರಿದಳು. ಕೋಲು ಹಿಡಿದರೆ ಜನ ಮುದುಕಿ ಅಂದಾರು ಎಂದು ಅವಳಿಗೆ ನಾಚಿಕೆ.

"ಕುದುರಿ ಇಳದ್ಯಾ? ನಿನ್ನ ಸೂಜಿಗೆ ಕಾಯೋರು ಒದರ್ತಾರ ನೋಡು," ಎಂದಳು.

ಇಬ್ಬರೂ ಹತ್ತು ಹೆಜ್ಜೆ ನಡೆದಿರಬೇಕು. ವೇಗ ತಗ್ಗಿದ್ದರಿಂದ, ಸೈಕಲ್ಲನ್ನು ಇನ್ನೇನು ಮಡಚುತ್ತಾರೆ ಎಂದು ಗಣಕ ತಿಳಿಯಿತು. ಗಾಲಿಗಳು ಕುಗ್ಗಿದವು. ಬೇರೆ ದಿನ ನಿಧಾನಕ್ಕೆ ಇಳಿಯುತ್ತಿದ್ದ ಸೀಟು ಅಂದು ತಟ್ಟನೆ ನಾಲ್ಕು ಇಂಚು ಇಳಿದು, ಊರಿದ ಕೈ ಜಾರಿ, ತಂಗೆವ್ವ ಬಿದ್ದಳು. ಮೊಣಕೈ ತರಚಿತು. ಕಸ್ತೂರಿ ತನ್ನ ಪೆಟ್ಟಿಗೆಯ ಹತ್ತಿಯಿಂದಲೇ ಒರೆಸಿದಳು.

"ನಿಂದೇನ್ ತಪ್ಪವಾ? ಮುದುಕರ ಜೋಡಿ ನಡಿಯೂದು ಅದಕ್ಕ ಯಾರೂ ಕಲಿಸಿಲ್ಲ. ಬರೀಬ್ಯಾಡ ಇದನ್ನ. ಬರದ್ರ ಸೈಕಲ್ ಒಯ್ತಾರ."

ಎರಡು ದಿನ ಕಸ್ತೂರಿ ಬರೆಯಲಿಲ್ಲ. ಮೂರನೆಯ ದಿನ ನೋಟುಬುಕ್ಕು ಹಿಡಿದು ಪ್ರಯೋಗಾಲಯದ ಬಾಗಿಲಲ್ಲಿ ನಿಂತಳು.

"ತಪ್ಪು ನಂದ ಐತ್ರಿ ಮ್ಯಾಡಮ್. ಇಳದು ನಡಸಬಾರ್ದು ಅಂತ ನಿಯಮದಾಗ ಐತಿ. ನಾ ದಿನಾ ಇಳೀತೀನ್ರಿ."

"ದಿನಾ?"

"ಹಿರೇರು ನಡ್ಕೊಂತ ಹೊಂಟಾಗ ಮುಂದಿಂದ ಗಾಡಿ ಹೊಡ್ಕೊಂಡು ಹೆಂಗ ಹೋಗೂದ್ರಿ?"

ತಬಸ್ಸುಮ್ ಗಣಕದ ದಾಖಲೆಗಳನ್ನು ತೆರೆದರು. ಗಂಟೆಗೆ ಐದು ಕಿಲೋಮೀಟರಿಗಿಂತ ನಿಧಾನವಾದದ್ದನ್ನೆಲ್ಲ ಅಳತೆಯ ದೋಷವೆಂದು ತೆಗೆದುಹಾಕಲು ಅವರೇ ಹೇಳಿದ್ದರು. ತೆಗೆದದ್ದನ್ನು ಮತ್ತೆ ಸೇರಿಸಿ ನೋಡಿದರೆ, ಮೂವತ್ತೆರಡು ಜನರೂ ದಿನಕ್ಕೆ ಸರಾಸರಿ ಇಪ್ಪತ್ತಾರು ನಿಮಿಷ ಸೈಕಲ್ ಹಿಡಿದು ನಡೆದಿದ್ದರು. ಯಾರೂ ಬರೆದಿರಲಿಲ್ಲ. ಬರೆದರೆ ಸೈಕಲ್ ಹೋದೀತೆಂಬ ಹೆದರಿಕೆ ಎಲ್ಲರಿಗೂ ಇತ್ತು.

"ಎರಡು ವರ್ಷ ಗಾಲಿ ಅಳದ್ವಿ ಅಕ್ಕಾರ," ಎಂದರು ತಬಸ್ಸುಮ್. "ಇಳದ ಮ್ಯಾಲ ಜನಾ ಏನ್ ಮಾಡ್ತಾರ ಅಂತ ಕೇಳಲೇ ಇಲ್ಲ."

ನಿಯಮ ನಿಯಮವೇ. ಸೈಕಲ್ಲುಗಳು ವಾಪಸು ಹೋದವು. ಐವತ್ತು ದಿನ ಕಸ್ತೂರಿ ಕುಂಟುತ್ತ ಮನೆಗಳನ್ನು ಮುಗಿಸಿದಳು. ಸೈಕಲ್ ಕಳೆದುಕೊಂಡ ಉಳಿದವರಲ್ಲಿ ಕೆಲವರು ರೈಲಿನಲ್ಲಿ ಅವಳ ಮುಖ ನೋಡಲಿಲ್ಲ. ಆಮೇಲೆ ಸೈಕಲ್ಲು ಬಂತು. ಈಗ ನಡಿಗೆಯ ವೇಗಕ್ಕೆ ಗಾಲಿ ಕುಗ್ಗದೆ ಪೂರ್ತಿ ಹಿಗ್ಗಿ, ಊರಿದ ಕೈಗೆ ಸೀಟನ್ನು ಎತ್ತಿ ಹಿಡಿಯುತ್ತಿತ್ತು, ಹಿಂದಕ್ಕೆ ಜಾರುತ್ತಿರಲಿಲ್ಲ. ಜೊತೆಗೆ ಬಂದ ವರದಿಯಲ್ಲಿ, ದೋಷ ಕಂಡುಹಿಡಿದವರು ಎಂಬಲ್ಲಿ ಎರಡು ಹೆಸರಿದ್ದವು. ಕಸ್ತೂರಿ ತಂಗೆವ್ವನಿಗೆ ಅವಳ ಹೆಸರನ್ನು ಓದಿ ಹೇಳಿದಳು. ತನ್ನದನ್ನು ಓದದೆ ವರದಿ ಮಡಚಿಟ್ಟಳು. ತಾನು ಬಚ್ಚಿಡಲು ಹೊರಟದ್ದಕ್ಕೆ ಹೀಗೊಂದು ಉಪಕಾರವೇ ಎಂದು ಅವಳಿಗೆ ಬಹಳ ದಿನ ಸಂಕೋಚವಿತ್ತು. ಸಂಕೋಚಕ್ಕಿಂತ ಹೆಚ್ಚಾಗಿ ಕೃತಜ್ಞತೆಯಿತ್ತು.

ನಾವು ಇಂದು ಅಂಗಡಿಯಲ್ಲಿ ನಿಂತು ಗಾಲಿ ಎಷ್ಟು ಇಂಚು, ತೂಕ ಎಷ್ಟು, ಎಷ್ಟು ಬೇಗ ಮಡಚಬಹುದು ಎಂದು ಕೇಳುತ್ತೇವೆ. ಇಳಿದು ಯಾರ ಜೊತೆ ನಡೆಯುತ್ತೇವೆಂದು ಅಂಗಡಿಯವನೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಆ ಹೊಸ ಗಾಲಿ ಬಂದಮೇಲೆ ದಿನದ ನಡಿಗೆ ಇಪ್ಪತ್ತಾರು ನಿಮಿಷದಿಂದ ನಲವತ್ತೊಂದಕ್ಕೆ ಏರಿತಂತೆ. ಸೈಕಲ್ ಹಿಡಿದು ನಡೆಯುವುದು ಸಲೀಸಾಯಿತೆಂದೋ, ಜನ ಮೊದಲೇ ನಡೆಯಲು ಬಯಸಿದ್ದರೆಂದೋ, ತಬಸ್ಸುಮ್ ಅವರಿಗೆ ತಿಳಿಯಲಿಲ್ಲ. ನಮಗೂ ತಿಳಿದಿಲ್ಲ.