ಹರಿತಕ್ಕನ ಮೆಸೇಜು

ನಗರಗೆರೆಯ ಕುಂಟೆಯಲ್ಲಿ ತೇಲಿದ ಹೆಣ ಹರಿತಾಳದು. ಕತ್ತಿನ ಮೇಲೆ ಬೆರಳಿನ ಗುರುತು.

ಗೌರಿಬಿದನೂರಿನ ಗಾರ್ಮೆಂಟ್ಸ್‌ನಲ್ಲಿ ಅವಳು ಟೈಲರ್. ಅವಳ ಒಂದು ಮಾತಿಗೆ ಸುತ್ತಲ ಹಳ್ಳಿಯ ಹೆಣ್ಣುಮಕ್ಕಳಿಗೆ ಅಲ್ಲಿ ಕೆಲಸ ಸಿಗುತ್ತಿತ್ತು. ಮನೆಯವರೂ ಅವಳನ್ನು ನಂಬಿಯೇ ಕಳಿಸುತ್ತಿದ್ದರು.

ಎಸ್‌ಐ ಸಂಘಮಿತ್ರ ಮೊದಲು ಜೀಪು ಹತ್ತಿಸಿದ್ದು ಅಂಬರೀಶನನ್ನು. ತನಗೆ ಕೆಲಸ ಕೊಡಿಸಲಿಲ್ಲವೆಂದು ಅವನು ಮೊನ್ನೆ ಬೀದಿಯಲ್ಲೇ ಹರಿತಾಳ ಮೇಲೆ ಕೂಗಾಡಿದ್ದ.

"ಬೈದಿದ್ದು ನಿಜ ಮೇಡಂ. ಅಷ್ಟಕ್ಕೆ ಸಾಯಿಸ್ತೀನಾ?"

ದಡದಲ್ಲಿ ನೆರೆದಿದ್ದ ಗುಂಪಿನಲ್ಲಿ ಯಾರೋ ಚೀರಿದರು. ಹರಿತಾಳ ಪಕ್ಕದ ಮನೆಯ ಪಾಪಮ್ಮ. ಮೊಬೈಲನ್ನು ಮೇಲೆತ್ತಿ ತೋರಿಸುತ್ತಿದ್ದಳು.

"ಹರಿತಕ್ಕ ಈಗ ಮೆಸೇಜ್ ಮಾಡವ್ಳೆ!"

ಹೆಣ ಇನ್ನೂ ದಡದ ಮೇಲಿತ್ತು. ಸಂಘಮಿತ್ರ ಮೊಬೈಲು ಇಸಿದುಕೊಂಡಳು. ಓದಿದಳು: 'ಯಾಮಿನಿ, ನಾನು ಬೆಂಗಳೂರಿಗೆ ಹೋಗ್ತಿದೀನಿ. ನಿನ್ನ ಕೆಲಸಕ್ಕೆ ಹೇಳಿದೀನಿ. ಸೋಮವಾರ ಸೇರ್ಕೋ.'

"ಯಾಮಿನಿ ಯಾರು?"

"ನಾನೇ. ಸ್ಕೂಲಲ್ಲಿ ಬರೆಸಿದ ಹೆಸರು. ಅಕ್ಕ ಒಂದಿನಾನೂ ಹಾಗೆ ಕರೆದಿಲ್ಲ."

"ಮತ್ತೆ ಯಾರಿಗೆ ಗೊತ್ತು?"

"ಫ್ಯಾಕ್ಟ್ರಿ ಮುರಳಿಮೋಹನ್ ಸಾರ್‌ಗೆ ಕೆಲಸಕ್ಕೆ ಅಂತ ಆಧಾರ್ ಕಳಿಸಿದ್ದೆ."

ಮೆಸೇಜು ಬಂದಾಗ ಅಂಬರೀಶ ಪೊಲೀಸರ ಜೀಪಿನಲ್ಲೇ ಇದ್ದ. ಅವನನ್ನು ಇಳಿಸಿ ಜೀಪು ಹೊರಟಿತು.

*

ಕೆಲಸಕ್ಕೆ ಜನರನ್ನು ಸೇರಿಸಿಕೊಳ್ಳುವವನು ಮುರಳಿಮೋಹನ್.

"ಹರಿತಾನಾ? ಬೆಂಗಳೂರಿಗೆ ಹೋದ್ಲಂತಲ್ಲ ಮೇಡಂ."

"ನಿಮಗ್ಯಾರು ಹೇಳಿದ್ದು?"

ಸಂಘಮಿತ್ರ ಹರಿತಾಳ ನಂಬರಿಗೆ ಕರೆ ಮಾಡಿದಳು. ಅವನ ಮೇಜಿನ ಡ್ರಾಯರು ಗುಂಯ್‌ಗುಟ್ಟಿತು. ಸತ್ತವಳು ಒಳಗಿನಿಂದ ಬಡಿದಂತೆ.

"ಊರಿನವರಾಗಿದ್ರೆ ಮೆಸೇಜಲ್ಲಿ ಪಾಪಮ್ಮ ಅಂತ ಬರೀತಿದ್ರು. ನಿಮಗೆ ಗೊತ್ತಿದ್ದದ್ದು ಆಧಾರ್‌ನಲ್ಲಿರೋ ಹೆಸರೊಂದೇ."

ಅವನು ಎಲ್ಲವನ್ನೂ ಒಪ್ಪಿಕೊಂಡ. ಹರಿತಾ ಕರೆತಂದ ಹುಡುಗಿಯರ ಮೈಮೇಲೆ ಅವನು ಕೈ ಹಾಕುತ್ತಿದ್ದ. ಒಬ್ಬಳು ಹರಿತಾಳ ಮುಂದೆ ಅತ್ತಳು. ಊರೂರಿಗೂ ಹೇಳುತ್ತೇನೆ, ಇನ್ನು ಯಾರೂ ಇಲ್ಲಿಗೆ ಬರದ ಹಾಗೆ ಮಾಡುತ್ತೇನೆ ಎಂದು ಹರಿತಾ ಅವನಿಗೆ ಎಚ್ಚರಿಕೆ ಕೊಟ್ಟಳು. ರಾಜಿಯ ಮಾತಾಡಿ ಕುಂಟೆಯ ಹತ್ತಿರ ಕರೆಸಿ ಕತ್ತು ಹಿಸುಕಿದ. ಹೆಣ ಇಷ್ಟು ಬೇಗ ತೇಲುತ್ತದೆಂದು ಎಣಿಸಿರಲಿಲ್ಲ. ಅವಳು ಬದುಕಿದ್ದಾಳೆಂದು ನಂಬಿಸಲು, ಲಾಕಿಲ್ಲದ ಅವಳ ಫೋನಿನಿಂದಲೇ, ಆಧಾರ್ ಬಂದಿದ್ದ ನಂಬರಿಗೆ ಮೆಸೇಜು ಕಳಿಸಿದ್ದ.

*

ಕಿರುಕುಳಕ್ಕೆ ಸಾಕ್ಷಿ ಬೇಕಿತ್ತು. ಹುಡುಗಿಯರು ಹೆದರಿದ್ದರು. ಪಾಪಮ್ಮ ಒಬ್ಬಳನ್ನು ಒಪ್ಪಿಸಿ ಠಾಣೆಗೆ ಕರೆತಂದಳು. ಅವಳು ಇನ್ನೊಬ್ಬಳಿಗೆ ಫೋನ್ ಮಾಡಿದಳು: "ನಾನಿದೀನಿ, ಬಾರೇ." ಸಂಜೆಗೆ ಬೆಂಚು ತುಂಬಿತು.

ಆದರೂ ಬಾಯಿಬಿಡಲು ಯಾರಿಗೂ ಧೈರ್ಯವಿಲ್ಲ.

ಹರಿತಾಳ ತಾಯಿ ಕೊಂಡಮ್ಮ ಒಳಗೆ ಬಂದರು. ಎಲ್ಲರೂ ತಲೆ ತಗ್ಗಿಸಿದರು. ಆಕೆ ಅವರ ನಡುವೆಯೇ ಜಾಗ ಮಾಡಿಕೊಂಡು ಕೂತರು.

"ನನ್ ಮಗಳಿಗೆ ಹೇಳಕ್ಕೆ ಬಿಡಲಿಲ್ಲ," ಎಂದರು. "ನೀವಾದ್ರೂ ಹೇಳ್ರಮ್ಮ."