ಕಾರಿಗೆ ಕಟ್ಟಿದ ಕಣ್ಣಿ

“ಕಾರ ಮಾರಿ ಬುದ್ದಿ, ಬ್ಯಾಡ ಅನ್ನಾಕಿಲ್ಲ. ಸೀಟಿನಡೀಲಿ ಕಟ್ಟಿರೋ ಕಣ್ಣಿ ಮಾತ್ರ ಬಿಚ್ಚಿ ಮಡೀಕಳಿ,” ಎಂದ ಹುಚ್ಚೀರಯ್ಯ. “ಹಸ ಮಾರುದ್ರೂ ಹಗ್ಗ ಕೊಡಾಕಿಲ್ವಲ್ಲ, ಅಂಗೇಯ.”

ವರದರಾಜನಿಗೆ ನಗು ತಡೆಯಲಾಗಲಿಲ್ಲ. “ಇದು ಎಷ್ಟು ಸೇರು ಹಾಲು ಕೊಡುತ್ತಯ್ಯ?” ಎಂದ.

ಮದರಾಸಿನಲ್ಲಿ ಓದಿ, ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ಇಂಜಿನಿಯರಾಗಿ ಬಂದು, ಮಳವಳ್ಳಿಯ ವಕೀಲರ ಮಗಳು ಗೋದಮ್ಮನ ಕೈಹಿಡಿದವನು ಅವನು. ಮಾವ ಬಿಟ್ಟುಹೋದ, ಟಾಪು ಮಡಚುವ ಹಸಿರು ಕಾರನ್ನು ಗೋದಮ್ಮ ಒಂದು ಗೀರು ಬೀಳದ ಹಾಗೆ ಕಾಪಾಡಿದ್ದಳು. ಯುದ್ಧ ಬಂದು ಪೆಟ್ರೋಲಿಗೆ ಕೂಪನ್ನಾಗಿ, ಕಾರು ಷೆಡ್ಡು ಬಿಟ್ಟು ಕದಲದಂತಾದ ಮೇಲೂ ಮನೆಯಾಳು ಹುಚ್ಚೀರಯ್ಯ ದಿನಾ ಅದನ್ನು ತೊಳೆಯುತ್ತಿದ್ದ. ಷೆಡ್ಡಿನ ತುಂಬ ತೊಗಲಿನ ವಾಸನೆ, ಸಾಂಬ್ರಾಣಿಯ ವಾಸನೆ.

ಮುದುಕ ದನಿ ತಗ್ಗಿಸಿದ. “ಆವತ್ತು ಜ್ವರದಾಗೆ ನಿಮ್ಗೆ ಉಸ್ರು ನಿಂತೋಗಿತ್ತು. ಅವ್ವಾರು ಮಾಟದೋನ ತಾವ್ಕೋಗಿ ನಿಮ್ಮುಸ್ರ ಆ ಕೂದ್ಲು ಕಣ್ಣೀಲಿ ಕಟ್ಟಿಸುದ್ರು. ಹಸುಗೆ ಕಟ್ಟುದ್ರೆ ಹಸ ಸಾಯ್ತದೆ, ಕಾರಿಗೆ ಕಟ್ಟಿ ಅಂದ. ಕಣ್ಣಿ ಮನೆ ದಾಟುದ್ರೆ ನಿಮ್ಮುಸ್ರು ಅದ್ರ ಇಂದೇ ಓಯ್ತದೆ. ವಾಪಸ್ಸು ತಂದೋರು ತಮ್ಮುಸ್ರು ಕೊಡ್ಬೇಕು.”

“ಜ್ವರ ಬಿಟ್ಟಿದ್ದು ಡಾಕ್ಟರ ಔಷಧಿಗೆ ಕಣಯ್ಯ. ಹೋಗು, ಗೇಟು ತೆಗಿ.”

ಗೋದಮ್ಮ ಅರಿಶಿನ-ಕುಂಕುಮಕ್ಕೆಂದು ಪಕ್ಕದ ಬೀದಿಗೆ ಹೋದ ಹೊತ್ತು ನೋಡಿಯೇ ವರದರಾಜ ಕಾರು ಕೊಳ್ಳಲು ಒಪ್ಪಿದ್ದ ಮದ್ದೂರಿನ ಸಂಪತ್ ಕುಮಾರನನ್ನು ಬರಹೇಳಿದ್ದ. ಕೆಟ್ಟವನೇನಲ್ಲ, ಹೆಂಡತಿಯ ಅಳು ನೋಡುವ ಧೈರ್ಯವಿರಲಿಲ್ಲ, ಅಷ್ಟೇ. ಕಣ್ಣಿಯ ಸಮೇತ ಕಾರು ಬೀದಿಗಿಳಿಯಿತು.

ನಡುಮಧ್ಯಾಹ್ನ. ಹಾರ್ನಿನ ಸದ್ದು ಕೆರೆಯ ಕಡೆಗೆ ಸರಿಯಿತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿಯಿತು. ವರದರಾಜ ಕೆಮ್ಮಿದ. ಉಸಿರೆಳೆದ. ಬರಲಿಲ್ಲ. ಕೊರಳಿಗೆ ಏನೋ ಬಿಗಿಯಿತು. ಕಾರು ದೂರವಾದಷ್ಟೂ ಬಿಗಿಯಿತು. ಬಿಸಿಲು ಕಪ್ಪಾಯಿತು. ಬಿದ್ದ. ಬಾಯಿಗೆ ಮಣ್ಣು. ಗೇಟಿನಲ್ಲಿ ತಟ್ಟೆ ಬಿದ್ದ ಸದ್ದು. ಗೋದಮ್ಮನ ಕಾಲು. ಆ ಕಾಲು ಅವನತ್ತ ಬರಲಿಲ್ಲ. ಬರಿದಾದ ಷೆಡ್ಡಿನ ಮುಂದೆ ಒಂದು ಗಳಿಗೆ ನಿಂತು, ಬೀದಿಗೆ ಓಡಿತು.

“ಬ್ಯಾಡ ಕಣ್ರವ್ವಾ, ನಾನೋಯ್ತೀನಿ ಇರಿ,” ಎಂದು ಹುಚ್ಚೀರಯ್ಯ ಹಿಂದೆಯೇ ಓಡಿದ. ಮುದುಕನ ಕಾಲಿಗೆ ಅವಳು ಸಿಗಲಿಲ್ಲ.

ಎಷ್ಟು ಹೊತ್ತೋ. ಅಂಗೈಗೆ ಒರಟು ಹಗ್ಗ ತಗುಲಿತು. ಎದೆ ತೆರೆಯಿತು. ಗಾಳಿ. ಬೆಳಕು. ಎದುರಿಗೆ ಬೆವೆತು ನಿಂತ ಗೋದಮ್ಮ. ಸಂಪತ್ ಕುಮಾರ ಇಂಜಿನ್ನಿಗೆ ನೀರು ಹಾಕಲು ಕೆರೆ ಏರಿಯ ಮೇಲೆ ನಿಲ್ಲಿಸಿದ್ದನಂತೆ. ಅಲ್ಲಿಯವರೆಗೂ ಬರಿಗಾಲಲ್ಲಿ ಓಡಿದ್ದಳು.

“ಉಸಿರಾಡ್ತಿದೀರಲ್ಲ, ಸಾಕು,” ಎಂದು ಷೆಡ್ಡಿನ ಕಂಬಕ್ಕೆ ಒರಗಿ ಕೂತಳು.

ವರದರಾಜನಿಗೆ ನಾಚಿಕೆಯಾಗಿತ್ತು. ಅದು ಸಿಟ್ಟಾಗಿ ಹೊರಗೆ ಬಂತು. ಬಿಸಿಲಿಗೆ ತಲೆ ಸುತ್ತಿದರೆ ಅದಕ್ಕೂ ಮಾಟವೇ, ಊರವರ ಮುಂದೆ ನನ್ನ ಮಾನ ಕಳೆದೆಯಲ್ಲ, ಒಂದು ತುಂಡು ಹಗ್ಗಕ್ಕೆ ಬೀದಿಯಲ್ಲಿ ಓಡುತ್ತಾರೆಯೇ ಎಂದು ರೇಗಿದ. ಗೋದಮ್ಮ ಎದುರಾಡಲಿಲ್ಲ. ಅವಳು ಸುಮ್ಮನಿದ್ದಷ್ಟೂ ಅವನ ದನಿ ಏರಿತು. ಓದಿದವಳಿಗೆ ಇಷ್ಟೂ ಬುದ್ಧಿ ಬೇಡವೇ ಎಂದ. ಮಾತಾಡು ಎಂದ.

ಏದುಸಿರು ಬಿಡುತ್ತ ಆಗಷ್ಟೇ ಒಳಗೆ ಬಂದ ಹುಚ್ಚೀರಯ್ಯ ಅವಳ ಮುಖ ನೋಡಿದ. ತಲೆಗೆ ಸುತ್ತಿದ್ದ ವಸ್ತ್ರ ತೆಗೆದ.

“ಬಯ್ಯೋದ ಬುಡಿ ಬುದ್ದಿ,” ಎಂದ. “ಅವ್ವಾರ್ಗೆ ಕೇಳ್ಸಾಕಿಲ್ಲ.”