ಊರು ದಾಟಬಾರದ ಸ್ಕಾರ್ಫ್

"ಬಿಚ್ಚು ಅಂದ್ರೆ ಬಿಚ್ಚು ಕಣೇ!"

"ಬಿಚ್ಚಲ್ಲ. ಏನ್ ಮಾಡ್ತೀಯ?"

ಶಾಲೆಯ ಹೊಂಗೆ ಮರದ ಕೆಳಗೆ ಕೀರ್ತನ ಮತ್ತು ಪ್ರಮೋದಾ ಎದುರುಬದುರು ನಿಂತಿದ್ದರು. ಶನಿವಾರದ ಸ್ಕೌಟ್ ಡ್ರಿಲ್ ಆಗತಾನೇ ಮುಗಿದಿತ್ತು. ಪ್ರಮೋದಾ ತನ್ನ ಕತ್ತಿನ ಸ್ಕಾರ್ಫನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಇಬ್ಬರೂ ಏಳನೇ ಕ್ಲಾಸು. ಅಂಗನವಾಡಿಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಬೆಳೆದವರು. ಈಗ ನೋಡಿ, ಜಡೆ ಹಿಡಿದು ಎಳೆದಾಡುವುದೊಂದು ಬಾಕಿ!

"ನಾಳೆ ನೀವು ಹೊಸಕೋಟೆಗೆ ಹೋಗ್ತಿದ್ದೀರ ತಾನೇ? ಸ್ಕಾರ್ಫ್ ಊರು ದಾಟಬಾರದು. ರೂಲ್ಸ್ ಗೊತ್ತಲ್ವಾ?" ಎಂದಳು ಕೀರ್ತನ.

"ನೆನಪಿಗೆ ಇಟ್ಕೋತೀನಿ ಕಣೇ. ಹೊಲಾನೂ ಹೋಯ್ತು, ಮನೇನೂ ಹೋಯ್ತು. ಇದೊಂದಾದ್ರೂ ಇರ್ಲಿ."

"ಅದೆಲ್ಲಾ ನಂಗೊತ್ತಿಲ್ಲ. ನಾನು ಲೀಡರ್. ರೂಲ್ಸ್ ಅಂದ್ರೆ ರೂಲ್ಸು."

ಈ ರೂಲ್ಸ್ ಹುಟ್ಟಿದ್ದು ಹೇಗೆ ಅಂತೀರಾ? ಮುತ್ತುಕುಂಟೆ ನಂದಗುಡಿ ಕಡೆಯ ಪುಟ್ಟ ಊರು. ಕೀರ್ತನಳ ಅಪ್ಪ ಇನ್ನೂ ತೊಟ್ಟಿಲಲ್ಲಿದ್ದ ಕಾಲದಲ್ಲಿ ನರಸಿಂಹಯ್ಯ ಮೇಷ್ಟ್ರು ಇಲ್ಲಿ ಸ್ಕೌಟ್ ದಳ ಕಟ್ಟಿದರು. ಮಕ್ಕಳ ಕಾಲಿಗೆ ಚಪ್ಪಲಿಯೇ ಇಲ್ಲ, ಕತ್ತಿಗೆ ಸ್ಕಾರ್ಫ್ ಎಲ್ಲಿಂದ ಬರಬೇಕು? ಮೇಷ್ಟ್ರು ದೊಡ್ಡಬಳ್ಳಾಪುರದ ಮಗ್ಗದವರ ಹಿಂದೆ ಬಿದ್ದು, ಕಾಡಿ ಬೇಡಿ, ಇಟ್ಟಿಗೆ ಬಣ್ಣದ ಒಂದು ಸುರುಳಿ ಬಟ್ಟೆ ತಂದರು. ತಾವೇ ಕತ್ತರಿಸಿ, ಅಂಚು ಹೊಲಿಸಿ, ಮಕ್ಕಳ ಕತ್ತಿಗೆ ಕಟ್ಟಿದರು.

ಅಂಥ ಬಟ್ಟೆ ಮತ್ತೆ ಸಿಗುವ ನಂಬಿಕೆ ಅವರಿಗಿರಲಿಲ್ಲ. ಅದಕ್ಕೇ ಕಟ್ಟುನಿಟ್ಟಾಗಿ ಹೇಳಿದರು: "ಶಾಲೆ ಬಿಟ್ಟು ಹೋಗೋರು ಸ್ಕಾರ್ಫ್ ಒಗೆದು, ಗಂಜಿ ಹಾಕಿ, ಚಿಕ್ಕವರ ಕತ್ತಿಗೆ ಕಟ್ಟಿ ಹೋಗ್ಬೇಕು. ಯಾರೂ ಊರು ದಾಟಿಸಬಾರದು."

ಕಟ್ಟುವಾಗ ಸುಮ್ಮನೆ ಕಟ್ಟುವಂತಿಲ್ಲ. ಆ ಸ್ಕಾರ್ಫ್ ಯಾರ್ಯಾರ ಕತ್ತಿನಲ್ಲಿತ್ತೋ ಅವರೆಲ್ಲರ ಹೆಸರು ಹೇಳಬೇಕು. ಪ್ರಮೋದಾಳ ಸ್ಕಾರ್ಫಿನ ಹೆಸರುಗಳು ಕೀರ್ತನಳಿಗೂ ಬಾಯಿಪಾಠ. ಮೊದಲು ರಾಮಾಂಜಿನಪ್ಪ, ಕೆರೆ ಏರಿ ಬಿರುಕು ಬಿಟ್ಟ ವರ್ಷ ದೊಡ್ಡವರ ಜೊತೆ ಮರಳುಮೂಟೆ ಹೊತ್ತವನು. ಆಮೇಲೆ ಬೈಲಪ್ಪ. ಆಮೇಲೆ ಗೋವಿಂದರಾಜು, ಅಂದರೆ ಪ್ರಮೋದಾಳ ಅಪ್ಪ. ಪೋಲಿಯೋ ಭಾನುವಾರ ಬಂತೆಂದರೆ ಮನೆಮನೆ ಮುಂದೆ ಸೀಟಿ ಊದಿ ಕೂಸುಗಳನ್ನೆಲ್ಲ ಅಳಿಸುತ್ತಿದ್ದನಂತೆ. ಆಮೇಲೆ ಇನ್ನೂ ಮೂವರು, ಅವರಾದ ಮೇಲೆ ಬೀರೇಶ್. ಹುಣಸೆ ಮರದಿಂದ ಬಿದ್ದ ಹುಡುಗನ ಮುರಿದ ಕೈಗೆ ಇದೇ ಸ್ಕಾರ್ಫಿನಲ್ಲಿ ಜೋಲಿ ಕಟ್ಟಿ, ಸೈಕಲ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದವನು. ಅವನಾದ ಮೇಲೆ ಭಾನುಪ್ರಿಯಾ ಅಕ್ಕ. ಅವಳಾದ ಮೇಲೆ ಪ್ರಮೋದಾ.

ಒಂದು ಕಾಲದಲ್ಲಿ ದಳ ಸಾಲಾಗಿ ನಿಂತರೆ ಮೈದಾನ ತುಂಬುತ್ತಿತ್ತು ಎನ್ನುತ್ತಾರೆ. ಈಗ ಉಳಿದಿರುವುದು ಐದೇ ಮಕ್ಕಳು. ಏನೋ ದೊಡ್ಡ ಯೋಜನೆಗೆ ಭೂಮಿ ಬೇಕಂತೆ. ರಾಗಿ ಹೊಲ, ಟೊಮೆಟೊ ತೋಟ ಎಲ್ಲ ಕೊಟ್ಟು ಒಂದೊಂದೇ ಮನೆಯವರು ಗಂಟುಮೂಟೆ ಕಟ್ಟುತ್ತಿದ್ದರು. ಈ ಸಲ ಪ್ರಮೋದಾ ಮನೆಯ ಸರದಿ.

"ಕೊಡೇ ಅಂದ್ರೆ!" ಕೀರ್ತನ ಸ್ಕಾರ್ಫಿಗೆ ಕೈ ಹಾಕಿದಳು.

ಪ್ರಮೋದಾಳ ಮುಖ ಕೆಂಪಾಯಿತು. ಗಂಟು ಬಿಚ್ಚಿ ಸ್ಕಾರ್ಫನ್ನು ನೆಲಕ್ಕೆ ಎಸೆದಳು. "ತಗೋ! ನೀನೇ ಇಟ್ಕೊಂಡು ಸಾಯಿ! ಇನ್ಮೇಲೆ ನನ್ನ ಮಾತಾಡಿಸ್ಬೇಡ." ಜೋರಾಗಿ ಅಳುತ್ತಾ ಗೇಟು ದಾಟಿ ಓಡಿದಳು.

ಕೀರ್ತನ ಸ್ಕಾರ್ಫ್ ಎತ್ತಿ ಮಣ್ಣು ಕೊಡವಿದಳು. ಗೆದ್ದಿದ್ದೇನೋ ಗೆದ್ದಳು. ಆದರೂ ಗೇಟಿನ ಕಡೆ ಎರಡು ಸಲ ತಿರುಗಿ ನೋಡಿದಳು.

ಮನೆಗೆ ಬಂದು ಸ್ಕಾರ್ಫ್ ಒಗೆದಳು. ಗಂಜಿ ಹಾಕಿ ಹಗ್ಗದ ಮೇಲೆ ಹರವಿದಳು. ಅಮ್ಮ ಮುನಿತಾಯಮ್ಮ ಅದನ್ನು ನೋಡಿ, "ಪ್ರಮೋದಾನ ಮಾತಾಡಿಸ್ಕೊಂಡು ಬಂದ್ಯೇನೇ? ಬೆಳಿಗ್ಗೇನೇ ಟೆಂಪೋ ಬರ್ತದಂತೆ" ಎಂದಳು.

"ನಾನ್ಯಾಕೆ ಮಾತಾಡಿಸ್ಲಿ? ಬಿಟ್ಟು ಹೋಗೋರು ಅವ್ರು ತಾನೇ!" ಎಂದು ಕೀರ್ತನ ಸಿಡುಕಿದಳು.

ಸಂಜೆ ಪಕ್ಕದ ಬೀದಿಯ ಚೈತ್ರಳ ಮನೆಗೆ ಹೋದಳು. ಚೈತ್ರ ನಾಲ್ಕನೇ ಕ್ಲಾಸು, ಚುರುಕು ಹುಡುಗಿ. "ಸ್ಕೌಟ್‌ಗೆ ಸೇರ್ತೀಯೇನೇ? ನಿಂಗೆ ಒಳ್ಳೇ ಸ್ಕಾರ್ಫ್ ಇಟ್ಟಿದ್ದೀನಿ."

"ಇಲ್ಲ ಅಕ್ಕಾ. ನನ್ನ ಕಾನ್ವೆಂಟ್‌ಗೆ ಹಾಕ್ತಾರಂತೆ. ಮನೆ ಹತ್ರಾನೇ ವ್ಯಾನ್ ಬರ್ತದಂತೆ!" ಎಂದು ಚೈತ್ರ ಕುಣಿದಳು. ಅವಳ ಮನೆಯ ಆಚೆ ಇನ್ನೂ ಎರಡು ಮನೆಗಳಿದ್ದವು. ಎರಡಕ್ಕೂ ಬೀಗ. ಕೀರ್ತನ ಹಾಗೇ ಹಿಂದಿರುಗಿದಳು.

ಭಾನುವಾರ ಬೆಳಿಗ್ಗೆ ಎದ್ದವಳೇ ತನ್ನ ಸ್ಕಾರ್ಫ್ ಕತ್ತಿಗೆ ಕಟ್ಟಿಕೊಂಡು, ಪ್ರಮೋದಾಳದನ್ನು ಮಡಿಸಿಕೊಂಡು ನರಸಿಂಹಯ್ಯ ಮೇಷ್ಟ್ರ ಮನೆಗೆ ಹೊರಟಳು. ಮೇಷ್ಟ್ರಿಗೆ ಈಗ ತುಂಬಾ ವಯಸ್ಸು. ಕಣ್ಣು ಮಂಜು. ಆದರೂ ದಳದ ಮಕ್ಕಳು ಬಂದರೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಅವರು ಶಭಾಷ್ ಅಂದೇ ಅನ್ನುತ್ತಾರೆ, ಆಗ ಪ್ರಮೋದಾಳ ಅಳು ಮರೆತುಹೋಗುತ್ತದೆ ಎಂದುಕೊಂಡಳು.

"ಸಾರ್, ಪ್ರಮೋದಾ ಸ್ಕಾರ್ಫ್ ತಂದಿದ್ದೀನಿ. ಊರು ದಾಟೋಕೆ ಬಿಡಲಿಲ್ಲ ಸಾರ್."

"ಯಾರು, ಗೋವಿಂದರಾಜು ಮಗಳದಾ?" ಮೇಷ್ಟ್ರ ದನಿ ಇಳಿಯಿತು. "ಅವರೂ ಹೊರಟರಾ?"

ಶಭಾಷ್ ಅನ್ನಲಿಲ್ಲ. ಗೋಡೆ ಹಿಡಿದುಕೊಂಡು ಎದ್ದು, ಒಳಗೆ ಕರೆದು, ಮಂಚದ ಕೆಳಗೆ ಕೈ ತೋರಿಸಿದರು. ಅಲ್ಲೊಂದು ತಗಡಿನ ಟ್ರಂಕು. ಕೀರ್ತನ ಅದನ್ನು ಎಳೆದು ಮುಚ್ಚಳ ತೆಗೆದಳು.

ಒಳಗೆಲ್ಲ ಇಟ್ಟಿಗೆ ಬಣ್ಣ. ಒಂದರ ಮೇಲೊಂದು, ನೀಟಾಗಿ ಮಡಿಸಿದ ಸ್ಕಾರ್ಫುಗಳು. ಅಂಚಿನವರೆಗೂ ತುಂಬಿದ್ದವು. ನುಸಿಗುಳಿಗೆ ವಾಸನೆ ಮೂಗಿಗೆ ಬಡಿಯಿತು.

"ಅಯ್ಯೋ! ಇಷ್ಟೊಂದಾ ಸಾರ್?"

"ನಿನ್ನ ಹಾಗೇ ತಂದ್ಕೊಟ್ರು ಕಣವ್ವಾ. ಪಾಪ, ಹೋಗೋ ಮಕ್ಕಳು. 'ಮೇಷ್ಟ್ರು ಹೇಳವ್ರೆ, ಊರು ದಾಟಿಸಬಾರದು' ಅಂತ ಇಟ್ಟು ಹೋದ್ರು. ಕಟ್ಟೋಣ ಅಂದ್ರೆ ಮಕ್ಕಳ ಕತ್ತು ಎಲ್ಲಿ? ಒಳಗಿಟ್ಟೆ. ಇನ್ನೇನು ಮಾಡ್ಲಿ?"

ಮೇಷ್ಟ್ರು ಮಂಚದ ಮೇಲೆ ಕೂತರು. "ಮಕ್ಕಳು ಹೋಗ್ತಾರೆ, ಬರ್ತಾರೆ, ಊರು ಇದ್ದೇ ಇರ್ತದೆ ಅಂದ್ಕೊಂಡು ಮಾಡಿದ ರೂಲ್ಸು ಅದು. ಊರೇ ಎದ್ದು ಹೊರಟುಬಿಡ್ತದೆ ಅಂತ ನಂಗೇನು ಗೊತ್ತಿತ್ತು?" ಎಂದರು. ಕಣ್ಣು ಒರೆಸಿಕೊಂಡರು. "ಇಡು, ಇಡು. ಒತ್ತಿ ಇಟ್ರೆ ಹಿಡೀತದೆ."

ಕೀರ್ತನ ಸ್ಕಾರ್ಫನ್ನು ಟ್ರಂಕಿನ ಹತ್ತಿರ ತಂದಳು. ಕೈ ಅಲ್ಲೇ ನಿಂತುಬಿಟ್ಟಿತು. ಸೀಟಿ ಊದಿದ ಗೋವಿಂದರಾಜು ಮಾಮ, ಸೈಕಲ್ ತುಳಿದ ಬೀರೇಶಣ್ಣ, ನಿನ್ನೆ ಅಳುತ್ತಾ ಓಡಿದ ಪ್ರಮೋದಾ, ಎಲ್ಲರನ್ನೂ ಈ ಕತ್ತಲೆಯೊಳಗೆ ಒತ್ತಿ ಮುಚ್ಚಳ ಹಾಕುವುದಾ? ಅವಳಿಗೆ ಮನಸ್ಸೇ ಬರಲಿಲ್ಲ.

"ಸಾರ್... ಇದನ್ನ ಅವಳಿಗೇ ಕೊಟ್ಬಿಡ್ಲಾ?"

ಮೇಷ್ಟ್ರು ಕೈ ಚಾಚಿ ಸ್ಕಾರ್ಫಿನ ಅಂಚು ಸವರಿದರು. "ಟೆಂಪೋ ಎಷ್ಟೊತ್ತಿಗೆ?" ಎಂದರು.

"ಈಗಾಗ್ಲೇ ಬಂದಿರ್ತದೆ ಸಾರ್."

"ಮತ್ತೆ ನಿಂತ್ಕೊಂಡು ನನ್ನ ಮುಖ ಏನು ನೋಡ್ತೀಯ? ಓಡು!"

ಕೀರ್ತನ ಓಡಿದಳು. ದನದ ಕೊಟ್ಟಿಗೆ ಬಳಸಿ, ಹಾಲಿನ ಡೇರಿ ದಾಟಿ, ಉಸಿರು ಕಟ್ಟಿಕೊಂಡು ಓಡಿದಳು.

ಟೆಂಪೋ ಇನ್ನೂ ನಿಂತಿತ್ತು. ಮಂಚ, ಬೀರು, ಫ್ರಿಜ್ಜು, ಕೋಳಿ ಬುಟ್ಟಿ ಎಲ್ಲ ಏರಿದ್ದವು. ಗೋವಿಂದರಾಜು ಹಗ್ಗ ಬಿಗಿಯುತ್ತಿದ್ದರು. ಅಕ್ಕಪಕ್ಕದವರ ನಡುವೆ ಕೀರ್ತನಳ ಅಮ್ಮನೂ ಇದ್ದಳು. ಪ್ರಮೋದಾ ಮುಂದಿನ ಸೀಟಿನಲ್ಲಿ ಕೂತಿದ್ದಳು. ಕೀರ್ತನಳನ್ನು ಕಂಡವಳೇ ಮುಖ ತಿರುಗಿಸಿದಳು.

"ಇಳಿಯೇ ಒಂದ್ನಿಮಿಷ."

"ಯಾಕೆ? ಇನ್ನೇನು ಬಿಚ್ಚಿಸ್ಕೋಬೇಕು?"

ಕೀರ್ತನಳಿಗೆ ಚುರುಕ್ ಅಂತು. ಸ್ಕಾರ್ಫನ್ನು ಮೇಲೆತ್ತಿ ತೋರಿಸಿದಳು. ಅದನ್ನು ಮೊದಲು ನೋಡಿದವರು ಗೋವಿಂದರಾಜು. ಹಗ್ಗ ಹಿಡಿದ ಕೈ ನಿಂತಿತು. "ಇಳಿಯಮ್ಮ ಪ್ರಮೋದಾ" ಎಂದರು.

ಪ್ರಮೋದಾ ಇಳಿದು ಬಂದು ನೆಲ ನೋಡುತ್ತಾ ನಿಂತಳು. ಕೀರ್ತನ ಸ್ಕಾರ್ಫನ್ನು ಅವಳ ಕತ್ತಿಗೆ ಹಾಕಿದಳು. ಗಂಜಿಗೆ ಬಟ್ಟೆ ಗರಿಗರಿಯಾಗಿತ್ತು. ಗಂಟು ಸರಿಯಾಗಿ ಕೂರಲಿಲ್ಲ.

"ರಾಮಾಂಜಿನಪ್ಪ... ಬೈಲಪ್ಪ..." ಮುಂದಿನ ಹೆಸರಿಗೆ ಬಂದಾಗ ತಲೆ ಎತ್ತಿ ಪ್ರಮೋದಾಳ ಅಪ್ಪನ ಕಡೆ ನೋಡಿದಳು.

"ಗೋವಿಂದರಾಜು" ಎಂದರು ಗೋವಿಂದರಾಜು, ಮೆಲ್ಲಗೆ. ಆಮೇಲೆ ಆ ಕಡೆ ತಿರುಗಿ, ಬಿಗಿದಿದ್ದ ಹಗ್ಗವನ್ನೇ ಮತ್ತೆ ಬಿಗಿಯತೊಡಗಿದರು. ಉಳಿದ ಹೆಸರುಗಳನ್ನು ಹುಡುಗಿಯರಿಬ್ಬರೂ ಸೇರಿ ಹೇಳಿದರು.

"ನಂಗಿನ್ನೂ ಕೋಪ ಇದೆ" ಎಂದಳು ಪ್ರಮೋದಾ.

"ಇರ್ಲಿ ಬಿಡೇ. ತಪ್ಪು ನಂದೇ."

ಪ್ರಮೋದಾ ಸೀಟು ಹತ್ತಿದಳು. ಕಿಟಕಿಯಿಂದ ಬಗ್ಗಿ ಕೀರ್ತನಳ ಕತ್ತನ್ನೇ ನೋಡಿದಳು. "ನಿಂದು? ನೀನು ಹೋಗೋವಾಗ ಯಾರಿಗೆ ಕಟ್ತೀಯೇ?"

ನಾವೆಲ್ಲಿಗೆ ಹೋಗ್ತೀವಿ ಎನ್ನಲು ಕೀರ್ತನ ಬಾಯಿ ತೆರೆದಳು. ಅಷ್ಟರಲ್ಲಿ ಮೊನ್ನೆ ಜೀಪಿನಲ್ಲಿ ಬಂದವರು ಅಪ್ಪನ ಜೊತೆ ನಿಂತು ತೋಟ ಅಳೆಸಿದ್ದು ನೆನಪಾಯಿತು. ಟೇಪು ಹಿಡಿದವರಿಗೆ ಅಮ್ಮ ಕಾಫಿ ಕೊಟ್ಟಿದ್ದೂ ನೆನಪಾಯಿತು. ಆವತ್ತಿನಿಂದ ಅವಳು ಅದನ್ನು ಯೋಚಿಸಿಯೇ ಇರಲಿಲ್ಲ. ಯೋಚಿಸಬಾರದು ಎಂದೇ ಯೋಚಿಸಿರಲಿಲ್ಲ.

"ಗೊತ್ತಿಲ್ಲ ಕಣೇ" ಎಂದಳು.

ಟೆಂಪೋ ಹೊರಟಿತು. ಕೋಳಿಗಳು ಕೊಕ್ಕೊಕ್ಕೋ ಎಂದು ಗಲಾಟೆ ಮಾಡಿದವು. ತಿರುವಿನಲ್ಲಿ ಮರೆಯಾಗುವವರೆಗೂ ಕೀರ್ತನ ಕೈ ಬೀಸಿದಳು. ಜನ ಚದುರಿದರು. ಅಮ್ಮ ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟಳು.

"ಅಮ್ಮಾ, ನಮ್ಮನೆಗೆ ಟೆಂಪೋ ಯಾವಾಗ ಬರ್ತದೆ?"

ಅಮ್ಮನ ಕೈ ಹೆಗಲ ಮೇಲೆಯೇ ಇತ್ತು. ಅವಳು ಎತ್ತಲೋ ನೋಡುತ್ತಾ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಬಾ, ತಿಂಡಿ ಆರೋಗ್ತದೆ" ಎಂದಳು.

ಕೀರ್ತನ ತನ್ನ ಕತ್ತಿನ ಗಂಟನ್ನು ಒಮ್ಮೆ ಮುಟ್ಟಿ ನೋಡಿದಳು. ಅಮ್ಮನ ಕೈ ಹಿಡಿದುಕೊಂಡು ಮನೆಯ ಕಡೆ ನಡೆದಳು.